ಸುಬ್ಬನ ಎಡಗಿವಿಗೆ ತೂತಿನ ಮಂಜೂರಾತಿ

ತೊರಪಳ್ಳಿಯ ಕಾಡುಕೂಲಿ ಸುಬ್ಬನ ಎಡಗಿವಿಯನ್ನು 2004ರಲ್ಲಿ ಕರಡಿಯೊಂದು ಪೂರ್ವಾನುಮತಿಯಿಲ್ಲದೆ ಕಿತ್ತುಕೊಂಡಿತು. ಎರಡು ವರ್ಷದ ನಂತರ ಗೂಡಲೂರಿನ ಅಂಗಪೂರಣ ಕಚೇರಿಯು ಅವನ ಬಲಗಿವಿಯನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಎಡಕ್ಕೆ ತಿರುಗಿಸಿ, ಸಿಲಿಕೋನಿನ ಹೊಸ ಕಿವಿ ಮಾಡಿಸಿತು. ಬಣ್ಣ, ಮಡಿಕೆ, ಮಚ್ಚೆ ಎಲ್ಲ ಅಚ್ಚುಕಟ್ಟು. ಆದರೆ ಗಂಡಸರ ಕಿವಿಯೊಡವೆಯಾದ ಕಡಕು ತೊಡುವ ತೂತನ್ನು ಕಂಪ್ಯೂಟರು ಗಾಯವೆಂದು ತಿಳಿದು ತಾನಾಗಿಯೇ ಮುಚ್ಚಿತ್ತು.

ಸುಬ್ಬ ಮುಚ್ಚಿದ ಜಾಗವನ್ನು ಉಗುರಿನಿಂದ ಕೆರೆದು ನೋಡಿದ. ಶುಕ್ರವಾರ ತಂಗಿ ಬೆಳ್ಳಿಯ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಸೋದರಮಾವನ ಎರಡೂ ಕಿವಿಯಲ್ಲಿ ಕಡಕು ಇರಲೇಬೇಕು. ಅವರ ಮನೆತನದಲ್ಲಿ ಹಾಗೇ. "ಅಣ್ಣಾ, ನೀನು ಕೂರ್ದಿದ್ರೆ ಶಾಸ್ತ್ರವೇ ಬೇಡ," ಎಂದು ಬೆಳ್ಳಿ ಅತ್ತಿದ್ದಳು.

"ಸಾರ್, ಒಂದು ತೂತು ಹಾಕ್ಕೊಡಿ. ಇಲ್ಲಾಂದ್ರೆ ಮನೇಲೇ ದಬ್ಬಳದಲ್ಲಿ ಚುಚ್ಕೊಳ್ತೀನಿ," ಎಂದ ಸುಬ್ಬ ಕಚೇರಿಗೆ ಬಂದು.

ಸೂಪರಿಂಟೆಂಡೆಂಟ್ ರಂಗನಾಥನ್ ಬೆಚ್ಚಿಬಿದ್ದರು. "ಸರ್ಕಾರಿ ಸ್ವತ್ತಿಗೆ ದಬ್ಬಳವಾ! ಅರ್ಜಿ ಬರ್ಕೊಡಪ್ಪಾ."

ಅರ್ಜಿ ಊಟಿಗೆ ಹೋಯಿತು. ಅಲ್ಲಿ ಮಂಜು ಕವಿದು ಯಾರಿಗೂ ಓದಲಾಗದ್ದರಿಂದ ಸಹಿ ಬೇಗ ಬಿತ್ತು. ಆದೇಶ ಹೀಗಿತ್ತು: "ಕಿವಿ ಚುಚ್ಚುವುದು ಸ್ಥಳೀಯ ಆಚಾರವಾದ್ದರಿಂದ ಆಚಾರದಂತೆಯೇ ಚುಚ್ಚತಕ್ಕದ್ದು. ಸದರಿ ಕಿವಿಗೆ ಸೋದರಮಾವ ಇಲ್ಲದಿರುವುದರಿಂದ ಸೂಪರಿಂಟೆಂಡೆಂಟರನ್ನು ಆ ಹುದ್ದೆಗೆ ನೇಮಿಸಲಾಗಿದೆ. ಶಾಸ್ತ್ರಕ್ಕೆ ಮುನ್ನ ತಲೆ ಬೋಳಿಸುವುದರಿಂದ ಕಿವಿಗೆ ವಿನಾಯಿತಿ ನೀಡಲಾಗಿದೆ."

ಗುರುವಾರ ಕಚೇರಿಯಲ್ಲಿ ಶಾಸ್ತ್ರ ನಡೆಯಿತು. ರಂಗನಾಥನ್ ಟವೆಲ್ ಹಾಸಿ ಕಿವಿಯನ್ನು ತೊಡೆಯ ಮೇಲಿಟ್ಟುಕೊಂಡರು. ಟೈಪಿಸ್ಟ್ ವಸಂತಾಮಣಿ ಅದರ ಬಾಯಿಗೆ ಬೆಲ್ಲ ಇಡಲು ಹೋಗಿ, ಬಾಯಿ ಕಾಣದೆ, ತಾನೇ ತಿಂದಳು. ಅಕ್ಕಸಾಲಿ ಚುಚ್ಚಿದರೂ ಕಿವಿ ಅಳಲಿಲ್ಲ. "ಗಟ್ಟಿ ಮಗು," ಎಂದು ರಂಗನಾಥನ್ ಕಣ್ಣೊರೆಸಿಕೊಂಡರು.

ಶುಕ್ರವಾರ ಸುಬ್ಬ ಎರಡೂ ಕಡಕು ತೊಟ್ಟು, ಎರಡು ವರ್ಷ ತಲೆಗೆ ಸುತ್ತಿದ್ದ ಮಫ್ಲರನ್ನು ಬೇಲಿಗೆಸೆದು, ಹಿಗ್ಗಿ ಹೀರೇಕಾಯಿಯಾಗಿ ಕೂತ. ಕಿವಿಯ ಮಾವನೆಂದು ರಂಗನಾಥನ್ ಕೂಡ ಹಣ್ಣಿನ ತಟ್ಟೆ ಹಿಡಿದು ಬಂದರು. ಸೂಜಿ ತಾಗಿದ್ದೇ ತಡ, ಮಗು ಕಿಟಾರನೆ ಕಿರುಚಿ ಮಾವನ ಎಡಗಡೆಯ ಕಡಕನ್ನು ಜಗ್ಗಿತು. ಕಿವಿ ಸಮೇತ ಕೈಗೆ ಬಂತು. ಮಗು ಕಿವಿಯನ್ನು ನೋಡಿತು, ಬಾಯಿಗಿಟ್ಟು ಚೀಪಿತು, ಕಿಲಕಿಲ ನಕ್ಕಿತು. ಇನ್ನೊಂದು ಕಿವಿ ಚುಚ್ಚಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ.

"ಕೊಡವ್ವಾ, ಮಾವನ ಕಿವಿ," ಎಂದು ಸುಬ್ಬ ಕೈಯೊಡ್ಡಿದರೆ ಮತ್ತೆ ಅಳು.

ರಂಗನಾಥನ್ ಅಲ್ಲೇ ಕಡತ ಬಿಚ್ಚಿ ಬರೆದರು: "ಕಿವಿ ಬಳಕೆಯಲ್ಲಿದೆ. ಫಲಾನುಭವಿ ಸಂತುಷ್ಟ." ಮಗುವಿನ ಹೆಬ್ಬೆಟ್ಟು ಒತ್ತಿಸಿಕೊಂಡರು.

ಈಗ ಸುತ್ತಲಿನ ಊರುಗಳಲ್ಲಿ ಎಲ್ಲೇ ಮಕ್ಕಳ ಕಿವಿ ಚುಚ್ಚಲಿ, ಸುಬ್ಬನ ಕಿವಿಯನ್ನು ಅರ್ಜಿ ಕೊಟ್ಟು ತರಿಸಿಕೊಳ್ಳುತ್ತಾರೆ. ಜೊತೆಗೆ ಅದರ ಮಾವ ಜೀಪಿನಲ್ಲಿ ಬರುತ್ತಾರೆ. ಭಾನುವಾರ, ಯಾವ ಮಗುವಿನ ಬಾಯಲ್ಲೂ ಇಲ್ಲದಿದ್ದರೆ, ಅದನ್ನು ತೊಳೆದು ಸುಬ್ಬ ತೊಡುತ್ತಾನೆ.