ಶ್ರೇಣಿಕನ ಗುರುತಿನ ಪರೇಡು

ಶ್ರೇಣಿಕನ ತಪ್ಪೆಂದರೆ ಅವನು ಐದಡಿ ಆರಂಗುಲ ಎತ್ತರ ಇದ್ದದ್ದು. ಬಣ್ಣ ಗೋಧಿ, ಮೈಕಟ್ಟು ಸಾಧಾರಣ, ಮೂಗಿನ ಕೆಳಗೆ ದಪ್ಪ ಮೀಸೆ. ಇಂಥ ಗಂಡಸರು ಬೇಡಕಿಹಾಳದಲ್ಲಿ ಓಣಿಗೆ ನಾಲ್ಕು ಜನ ಸಿಗುತ್ತಾರೆ. ಆದರೆ ಆ ಮಂಗಳವಾರ ಬೆಳಿಗ್ಗೆ ಹವಾಲ್ದಾರ ಹಾಲಸಿದ್ದ ಹಾಲಿನ ಡೇರಿಯ ಮುಂದೆ ಗಾಡಿ ನಿಲ್ಲಿಸಿದಾಗ ಕಣ್ಣಿಗೆ ಬಿದ್ದವನು ಒಳಗೆ ಹಾಲಿನ ಫ್ಯಾಟ್ ಅಳೆಯುತ್ತ ಕುಳಿತಿದ್ದ ಶ್ರೇಣಿಕ.

ಹಾಲಸಿದ್ದ ಅವನಿಗೆ ಎದ್ದು ನಿಲ್ಲಲು ಹೇಳಿದ. ಮುಂದಿನಿಂದ ನೋಡಿದ, ಹಿಂದಿನಿಂದ ನೋಡಿದ, ಸಂತೆಯಲ್ಲಿ ಎತ್ತು ಕೊಳ್ಳುವವನ ಹಾಗೆ ಒಂದು ಸುತ್ತು ಬಂದ.

"ಅಚ್ಚು ಹಂಗ ಅದೀರಿ ನೋಡ್ರಿ," ಎಂದ.

"ಯಾರಂಗ್ರಿ?"

"ಕಳ್ಳನಂಗ."

ಶ್ರೇಣಿಕ ಹೆಲ್ಮೆಟ್ ಹಾಕಿಕೊಂಡಿದ್ದಾಗಲೂ ಪೊಲೀಸರನ್ನು ಕಂಡರೆ ಗಾಡಿ ಇಳಿದು ತಳ್ಳಿಕೊಂಡು ಹೋಗುವವನು. ಅವನ ಕೈಯಲ್ಲಿದ್ದ ಹಾಲು ಅಲ್ಲಿಯೇ ಚೆಲ್ಲಿತು. ಹಾಲಸಿದ್ದ ನಕ್ಕು ವಿಷಯ ಬಿಡಿಸಿ ಹೇಳಿದ. ಅಕ್ಕೋಳದ ರಸ್ತೆಯಲ್ಲಿ ತುಳಸವ್ವ ಎಂಬ ಮುದುಕಿಯ ಕೊರಳ ಸರ ಕಿತ್ತ ಕೇಸಿನಲ್ಲಿ ಸುರಜ ಎಂಬವನನ್ನು ಹಿಡಿದಿದ್ದರು. ಅವನೊಬ್ಬನನ್ನೇ ಮುದುಕಿಯ ಮುಂದೆ ನಿಲ್ಲಿಸಿ ಇವನೇನು ಎಂದು ಕೇಳಿದರೆ ಯಾವ ಮುದುಕಿಯಾದರೂ ಹೌದೆನ್ನುತ್ತಾಳೆ. ಅದಕ್ಕೇ ಅವನಂತೆ ಕಾಣುವ, ತಪ್ಪಿಲ್ಲದ ಆರು ಜನರನ್ನು ತಂದು, ಅವರ ನಡುವೆ ಅವನನ್ನು ನಿಲ್ಲಿಸಿ, ತಹಶೀಲ್ದಾರರ ಎದುರಿಗೆ ಆರಿಸು ಎನ್ನಬೇಕು. ಇದು ಗುರುತಿನ ಪರೇಡು. ಐದು ಜನ ಸಿಕ್ಕಿದ್ದರು, ಆರನೆಯವನು ಬೇಕಿತ್ತು. ಮಧ್ಯಾಹ್ನ ಮೂರಕ್ಕೆ ಜೈಲಿಗೆ ಬರಬೇಕು, ಹತ್ತು ನಿಮಿಷ ನಿಲ್ಲಬೇಕು, ಚಹಾ ಸರ್ಕಾರದ್ದು. ಇಷ್ಟು ಹೇಳಿ ನೋಟೀಸಿಗೆ ಸಹಿ ಹಾಕಿಸಿಕೊಂಡು ಹಾಲಸಿದ್ದ ಹೊರಟುಹೋದ.

ಹಾಲು ಹಾಕಲು ಬಂದಿದ್ದವರು ಇಷ್ಟೆಲ್ಲ ಕೇಳುವ ತಾಳ್ಮೆಯವರಲ್ಲ. ಪೊಲೀಸ ಬಂದಿದ್ದ, ಸಹಿ ಮಾಡಿಸಿಕೊಂಡ, ಜೈಲಿಗೆ ಕರೆದ ಎಂಬಷ್ಟನ್ನು ಹೊತ್ತುಕೊಂಡು ಮನೆಮನೆಗೆ ನಡೆದರು. ಶ್ರೇಣಿಕ ಮನೆ ಮುಟ್ಟುವಷ್ಟರಲ್ಲಿ ಹೆಂಡತಿ ಅಪೂರ್ವ ತವರಿಗೆ ಫೋನು ಮಾಡಿ ಒಂದು ಸಲ ಅತ್ತು ಮುಗಿಸಿದ್ದಳು.

ಪಕ್ಕದ ಮನೆಯ ಅಣ್ಣಾಸಾಬ ಆಗಲೇ ಕಟ್ಟೆಯ ಮೇಲೆ ಬಂದು ಕುಳಿತಿದ್ದ. ಮೂವತ್ತು ವರ್ಷ ಕೋರ್ಟಿನ ಬಾಗಿಲಲ್ಲಿ ಹೆಸರು ಕೂಗಿ ನಿವೃತ್ತನಾದವನು. ವಕೀಲರಿಗಿಂತ ತನಗೆ ಹೆಚ್ಚು ಕಾನೂನು ಗೊತ್ತೆಂದು ಅವನು ನಂಬಿದ್ದ, ಪಾಪ, ಊರೂ ನಂಬಿತ್ತು. ಎಲ್ಲವನ್ನೂ ಕೇಳಿ ಎಲೆ ಅಡಿಕೆ ಒಂದು ಕಡೆ ಸರಿಸಿಕೊಂಡ.

"ಮುದುಕಿ ನಿನ್ನ ಮ್ಯಾಲ ಕೈ ಇಟ್ಲಂದ್ರ ಏನ್ ಮಾಡತಿ?"

ಶ್ರೇಣಿಕ ಇದನ್ನು ಯೋಚಿಸಿರಲಿಲ್ಲ. "ನಾ ಅಲ್ಲಂತ ಪೊಲೀಸರಿಗೆ ಗೊತ್ತೈತಲ್ರಿ ಕಾಕಾ," ಎಂದ.

"ಪೊಲೀಸರಿಗೆ ಗೊತ್ತಿದ್ದದ್ದು ಕೋರ್ಟಿನ್ಯಾಗ ನಡಿಯೂದಿಲ್ಲೋ ತಮ್ಮಾ. ಸಾಕ್ಷಿ ಹೇಳಿದ್ದು ನಡೀತೈತಿ."

ಆ ಮುದುಕಿಗೆ ಕಣ್ಣು ಸರಿಯಾಗಿ ಕಾಣುತ್ತವೆಯೇ ಎಂದು ಅಪೂರ್ವ ಕೇಳಿದಳು. ಅದನ್ನು ವಕೀಲರು ಆಮೇಲೆ ಕೇಳುತ್ತಾರೆ, ಆರೇಳು ವರ್ಷ ಬಿಟ್ಟು, ಎಂದ ಅಣ್ಣಾಸಾಬ. ಶ್ರೇಣಿಕನ ತಾಟಿನಲ್ಲಿದ್ದ ಜೋಳದ ಭಕ್ಕರಿ ಮುರಿದ ಹಾಗೆಯೇ ಉಳಿಯಿತು. ಮನೆ, ಹೆಂಡತಿ, ಡೇರಿ ಎಲ್ಲ ಆ ಒಂದು ಮುದುಕಿಯ ಬೆರಳ ತುದಿಯಲ್ಲಿವೆ ಎಂದು ಅವನಿಗೆ ಅನ್ನಿಸತೊಡಗಿತು.

ಉಪಾಯವನ್ನೂ ಅಣ್ಣಾಸಾಬನೇ ಹೇಳಿದ. ಶ್ರೇಣಿಕ ಅಚ್ಚು ಕಳ್ಳನ ಹಾಗೇ ಇದ್ದಾನೆಂದು ಹವಾಲ್ದಾರನೇ ಹೇಳಿದ್ದಾನೆ, ಅಂದರೆ ಕಳ್ಳನಿಗೂ ಮೀಸೆ ಇದೆ. ಮುದುಕಿ ಮೀಸೆ ಹುಡುಕಿಕೊಂಡು ಬರುತ್ತಾಳೆ. ಮೀಸೆಯೇ ಇಲ್ಲದಿದ್ದರೆ? ಕಾಲೇಜಿನಿಂದ ಸಾಕಿಕೊಂಡು ಬಂದ ಮೀಸೆ ಅದು. ಆದರೂ ಶ್ರೇಣಿಕ ಎರಡನೆಯ ಮಾತಾಡದೆ ಸಲೂನಿಗೆ ಹೋಗಿ ಬೋಳಿಸಿಕೊಂಡು ಬಂದ. ಅಪೂರ್ವ ಬಾಗಿಲಲ್ಲಿ ನಿಂತು ಬಹಳ ಹೊತ್ತು ಅವನ ಮುಖ ನೋಡಿದಳು.

"ಈಗ ಖರೇನ ಕಳ್ಳನಂಗ ಕಾಣಾಕತ್ತೀರಿ," ಎಂದು ಮತ್ತೆ ಅಳಲು ಕುಳಿತಳು.

ಜೈಲಿನ ಅಂಗಳದಲ್ಲಿ ಉಳಿದ ಐವರು ಚಹಾ ಕುಡಿಯುತ್ತಿದ್ದರು. ಐವರಿಗೂ ಕೈತುಂಬ ಹಿಡಿಯುವಂಥ ಮೀಸೆ. ಅವರನ್ನು ನೋಡಿ ಶ್ರೇಣಿಕನಿಗೆ ಬೆಳಗಿನಿಂದ ಮೊದಲ ಸಲ ಉಸಿರು ನೆಟ್ಟಗೆ ಬಂತು. ಇವರಲ್ಲಿ ಯಾರ ಹಣೆಬರಹ ಕೆಟ್ಟಿದೆಯೋ ಎಂದು ಮರುಗಿದ ಕೂಡ. ಆಮೇಲೆ ಸುರಜನನ್ನು ಮುಖಕ್ಕೆ ಬಟ್ಟೆ ಮುಚ್ಚಿ ಕರೆತಂದರು. ಬಟ್ಟೆ ತೆಗೆದರು. ಮೀಸೆ ಇರಲಿಲ್ಲ.

ಹಿಂದಿನ ದಿನವೇ ಹೇಗೋ ಬ್ಲೇಡು ಸಂಪಾದಿಸಿ ಬೋಳಿಸಿಕೊಂಡಿದ್ದನಂತೆ. ಮುದುಕಿಗೆ ಗುರುತು ಸಿಗಬಾರದೆಂದು.

ಶ್ರೇಣಿಕ ಮೀಸೆ ಬೋಳಿಸಿದ ಜಾಗವನ್ನು ಅಂಗೈಯಿಂದ ಮುಚ್ಚಿಕೊಂಡ. ತಹಶೀಲ್ದಾರರಿಗೆ ಮಾತ್ರ ಅವನನ್ನು ಕಂಡು ಹೋದ ಜೀವ ಬಂದಿತ್ತು. ಎಲ್ಲರಿಗೂ ಮೀಸೆ, ಆರೋಪಿಗೆ ಮಾತ್ರ ಇಲ್ಲವೆಂದರೆ ಅದು ಪರೇಡೇ ಅಲ್ಲ, ಮುಂದೂಡಬೇಕಾಗುತ್ತಿತ್ತು. ದೇವರು ಕಳಿಸಿದ ಹಾಗೆ ನೀವು ಬಂದಿರಿ ಎಂದು ಅವರು ಬೆನ್ನು ತಟ್ಟಿದರು. ಶ್ರೇಣಿಕ ಹೊಟ್ಟೆನೋವು ಎಂದ. ನೀರು ತರಿಸಿಕೊಟ್ಟರು. ತಲೆ ತಿರುಗುತ್ತದೆ ಎಂದ. ಗೋಡೆಯ ಹತ್ತಿರ ನಿಲ್ಲಿ ಎಂದರು.

ಆರೋಪಿಗೆ ಬೇಕಾದ ಜಾಗದಲ್ಲಿ ನಿಲ್ಲುವ ಹಕ್ಕಿದೆ, ಬೇಕಾದರೆ ಬಟ್ಟೆ ಬದಲಿಸುವ ಹಕ್ಕೂ ಇದೆ ಎಂದು ಗುಮಾಸ್ತ ಗಟ್ಟಿಯಾಗಿ ಓದಿದ. ಸುರಜ ಸಾಲನ್ನೊಮ್ಮೆ ನೋಡಿ ಶ್ರೇಣಿಕನ ಎಡಕ್ಕೆ ಬಂದು ನಿಂತ. ನಂತರ ಅವನ ಅಂಗಿ ಕೇಳಿದ. ತನ್ನ ಇಸ್ತ್ರಿ ಮಾಡಿದ ಅಂಗಿ ಬಿಚ್ಚಿಕೊಟ್ಟು, ಮೂರು ದಿನದ ಬೆವರಿನ ಅಂಗಿ ತೊಟ್ಟುಕೊಳ್ಳುತ್ತ ಶ್ರೇಣಿಕ ನನ್ನ ಹಕ್ಕುಗಳು ಯಾವುವು ಎಂದು ಕೇಳಿದ. ಗುಮಾಸ್ತ ಹಾಳೆಯ ಎರಡೂ ಬದಿ ತಿರುವಿ ನೋಡಿದ. ಏನೂ ತಪ್ಪು ಮಾಡದವರ ಬಗ್ಗೆ ಅದರಲ್ಲಿ ಏನೂ ಬರೆದಿರಲಿಲ್ಲ.

ಪೊಲೀಸರು ಇರಬಾರದೆಂಬ ನಿಯಮವಿದ್ದುದರಿಂದ ಹಾಲಸಿದ್ದನನ್ನೂ ಹೊರಗೆ ಕಳಿಸಿ ಅಂಗಳದ ಬಾಗಿಲು ಹಾಕಿದರು. ಒಳಗೆ ತಹಶೀಲ್ದಾರರು, ಗುಮಾಸ್ತ, ಸಾಕ್ಷಿಗೆಂದು ಕರೆಸಿದ ಇಬ್ಬರು ಪಂಚರು, ಗೋಡೆಗೆ ಏಳು ಜನ. ತುಳಸವ್ವ ಬಂದಳು. ಎಪ್ಪತ್ತರ ಸಮೀಪದ ಮುದುಕಿ, ದಪ್ಪ ಗಾಜಿನ ಕನ್ನಡಕ. ಮೀಸೆಯವರನ್ನೆಲ್ಲ ಭಾಜಿ ಅಂಗಡಿಯ ಬಾಡಿದ ಬದನೆಕಾಯಿ ನೋಡಿದಂತೆ ನೋಡಿ ದಾಟಿದಳು. ಶ್ರೇಣಿಕನ ಮುಂದೆ ಬಂದು ನಿಂತಳು.

ನಿಂತವಳು ಮುಂದೆ ಹೋಗಲೇ ಇಲ್ಲ. ಅವಳ ಬಾಯಿಯ ತಂಬಾಕಿನ ವಾಸನೆ ಅವನ ಮೂಗಿಗೆ ಬಡಿಯುತ್ತಿತ್ತು. ನಡುಗಬೇಡ, ನಡುಗಿದರೆ ಕಳ್ಳ ಎನ್ನುತ್ತಾಳೆ ಎಂದು ಹೇಳಿಕೊಂಡಷ್ಟೂ ನಡುಕ ಹೆಚ್ಚಾಯಿತು. ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳತೊಡಗಿದ. ಮೂರನೆಯ ಸಾಲಿಗೆ ಬಂದಾಗ ಅವಳ ಚಪ್ಪಲಿ ಸರಿದ ಸಪ್ಪಳ ಕೇಳಿಸಿತು.

"ಇಂವಾ ನೋಡ್ರಿ ಸಾಹೇಬ್ರ. ಸರಾ ಕಿತ್ತಾಂವ ಇಂವಾ."

ಕಣ್ಣು ತೆರೆದರೆ ಅವಳ ಕೈ ಸುರಜನ ಹೆಗಲ ಮೇಲಿತ್ತು. ಶ್ರೇಣಿಕನಿಗೆ ಆ ಮುದುಕಿಯ ಕಾಲು ಹಿಡಿದು ಅಳಬೇಕೆನ್ನಿಸಿತು. ಬದುಕಿದೆ, ಮನೆಗೆ ಹೋಗುತ್ತೇನೆ, ಭಕ್ಕರಿ ತಿನ್ನುತ್ತೇನೆ ಎಂದು ಗೋಡೆಗೆ ಒರಗಿದ.

ಗುಮಾಸ್ತ ಬರೆದುಕೊಂಡ. ಇನ್ನೇನಾದರೂ ಹೇಳುವುದಿದೆಯೇ ಎಂದು ತಹಶೀಲ್ದಾರರು ರೂಢಿಯಂತೆ ಕೇಳಿದರು.

"ಐತ್ರಿ," ಎಂದಳು ತುಳಸವ್ವ. ಅವಳ ಬೆರಳು ನಿಧಾನವಾಗಿ ಶ್ರೇಣಿಕನ ಕಡೆ ತಿರುಗಿತು. "ಗಾಡಿ ಹೊಡಿಯಾಕತ್ತಿದ್ದಾಂವ ಇಂವಾ."

ತಹಶೀಲ್ದಾರರು ಫೈಲು ಬಿಚ್ಚಿದರು. ಫಿರ್ಯಾದಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಗಾಡಿಯ ಮೇಲೆ ಇಬ್ಬರು, ಎರಡನೆಯವನ ಪತ್ತೆ ಆಗಿಲ್ಲ. ಅವರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. ಇವರು ಡೇರಿಯವರು, ನಾವೇ ಕರೆಸಿದ್ದು, ಮತ್ತೊಮ್ಮೆ ನೋಡಿ ಹೇಳಿ ಎಂದರು.

"ಒಬ್ಬನ್ನ ಸರಿ ಹಿಡದೇನಿಲ್ರಿ?" ಎಂದಳು ಮುದುಕಿ. "ಮತ್ತ ಇನ್ನೊಬ್ಬನ್ನ ಹ್ಯಾಂಗ ತಪ್ಪತೇನ್ರಿ?"

ಪಂಚರಿಬ್ಬರೂ ತಲೆಯಾಡಿಸಿದರು. ತಹಶೀಲ್ದಾರರು ಪೆನ್ನು ಹಿಡಿದು ಲೆಕ್ಕ ಹಾಕಿದರು. ಇವನ ವಿಷಯದಲ್ಲಿ ಮುದುಕಿ ತಪ್ಪಿದಳೆಂದು ಬರೆದರೆ, ಅವನ ವಿಷಯದಲ್ಲೂ ತಪ್ಪಿದ್ದಾಳೆಂದು ನಾಳೆ ವಕೀಲ ಹೇಳುತ್ತಾನೆ, ಕೇಸು ಅಲ್ಲಿಗೇ ಮುಗಿಯಿತು. ಅವರು ಶ್ರೇಣಿಕನನ್ನು ನೋಡಿದ ರೀತಿ ಈಗ ಬೇರೆಯಾಗಿತ್ತು. ಅವತ್ತು ಸಂಜೆ ನೀವು ಎಲ್ಲಿದ್ದಿರಿ ಎಂದು ಕೇಳಿದರು.

ಶ್ರೇಣಿಕನಿಗೆ ಅವತ್ತು ಯಾವತ್ತು ಎಂಬುದೇ ಗೊತ್ತಿರಲಿಲ್ಲ. ಆ ಅಂಗಳದಲ್ಲಿ ನಿಜ ಬಲ್ಲವನು ಒಬ್ಬನೇ ಒಬ್ಬ. ಶ್ರೇಣಿಕ ಸುರಜನ ಕಡೆ ತಿರುಗಿ ಎರಡೂ ಕೈ ಮುಗಿದ.

"ನೀನರ ಖರೇ ಹೇಳಪಾ. ನಿನ್ನ ಜೋಡಿ ಇದ್ದಾಂವ ನಾ ಏನು?"

ಸುರಜ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಇನ್ನೂ ಹೊರಗೆ ಓಡಾಡಿಕೊಂಡಿದ್ದ ಜೊತೆಗಾರನ ನೆನಪು ಅವನಿಗೆ ಆಗಲೇ ಬಂದಿರಬೇಕು. ಮುಖ ಮೆತ್ತಗಾಯಿತು. ಶ್ರೇಣಿಕನ ಹೆಗಲ ಮೇಲೆ ಅಣ್ಣನ ಹಾಗೆ ಕೈ ಹಾಕಿದ.

"ಇನ್ನ ಎಷ್ಟ ದಿನಾ ಮುಚ್ಚಿಡತಿ ದೋಸ್ತಾ? ಹೇಳಿಬಿಡು."

ತಹಶೀಲ್ದಾರರು ಗುಮಾಸ್ತನಿಗೆ ಹೊಸ ಹಾಳೆ ತೆಗೆಯಲು ಹೇಳಿ, ಹೊರಗಿದ್ದ ಹಾಲಸಿದ್ದನನ್ನು ಕೂಗಿದರು.