ಮಾತ್ರೆ ನುಂಗಿದವರನ್ನು ಬಿಡದ ಮಾವ

ಮಾತ್ರೆ ನುಂಗಿಕೊಂಡು ನಮ್ಮ ಸೋದರಮಾವನ ಮನೆಗೆ ಹೋಗುವ ಧೈರ್ಯ ನಮ್ಮ ನೆಂಟರಲ್ಲಿ ಯಾರಿಗೂ ಇಲ್ಲ! ಅಲ್ಲಿ ಕಾಫಿಗೆ ಮುಂಚೆ ಬಾಟಲಿ ಬರುತ್ತದೆ. ಖಾಲಿ ಬಾಟಲಿ. ಬಚ್ಚಲಿಗೆ ಹೋಗಿ ತುಂಬಿಸಿಕೊಂಡು ಬರಬೇಕಾದವರು ನೀವು!

ಮಾವ ತುಮಕೂರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಮೇಷ್ಟ್ರು, ಮನೆ ಶೆಟ್ಟಿಹಳ್ಳಿಯಲ್ಲಿ. ಮೈಯೊಳಗೆ ಸೇರಿದ ಔಷಧಿಯನ್ನು ಕರೆಂಟ್ ಕೊಟ್ಟು ಎಳೆದು ಅಳೆಯುವುದು ಅವನ ಹುಚ್ಚು. ನನಗೆ ಅಡುಗೆಮನೆಯಲ್ಲೇ ಪಾಠವಾಯಿತು.

"ನೋಡು, ಈ ಕಡೆ ಒಂದು ಹನಿ ರಕ್ತ, ಇಲ್ಲಾಂದ್ರೆ ಮೂತ್ರ, ಆ ಕಡೆ ಶುದ್ಧ ನೀರು. ಮಧ್ಯೆ ಎಣ್ಣೆಯಂಥ ದ್ರವದ ತೆಳ್ಳನೆ ಪೊರೆ. ಕರೆಂಟ್ ಬಿಟ್ರೆ ಔಷಧಿ ಮಾತ್ರ ಪೊರೆ ದಾಟಿ ನೀರಿಗೆ ಬರುತ್ತೆ. ಮಿಕ್ಕಿದ್ದೆಲ್ಲ ಅಲ್ಲೇ ಬಿದ್ದಿರುತ್ತೆ."

ಅತ್ತೆ ಸೌಟು ತಿರುಗಿಸುತ್ತಲೇ ನನಗೆ, "ಇವ್ರಿಗೂ ಒಂಚೂರು ಕರೆಂಟ್ ಕೊಡು, ಮಾರ್ಕೆಟ್‌ಗಾದ್ರೂ ಎದ್ದು ಹೋಗ್ತಾರೇನೋ!" ಎಂದರು.

ಮಾವನ ಮಗಳನ್ನು ನೋಡಲು ಕುಣಿಗಲ್‌ನಿಂದ ಗಂಡಿನ ಕಡೆಯವರು ಬಂದಾಗಲಾದರೂ ಸುಮ್ಮನಿರಬಾರದೇ? ಹುಡುಗನ ತಂದೆ ಬಾಯಿತಪ್ಪಿ, "ಉಪ್ಪು ಕಮ್ಮಿ ಹಾಕಿ, ಬಿಪಿಗೆ ಮಾತ್ರೆ ತಗೋತಿದೀನಿ" ಎಂದುಬಿಟ್ಟರು. ಮಾವನ ಮುಖ ಅರಳಿತು!

"ಯಾವ ಮಾತ್ರೆ? ಎಷ್ಟೊತ್ತಿಗೆ ತಗೊಂಡ್ರಿ?"

ಬಾಟಲಿ ಬಂತು. ಬೀಗರಾಗಬೇಕಿದ್ದವರು ಎದ್ದು ಚಪ್ಪಲಿ ಮೆಟ್ಟಿದರು. ಅತ್ತೆ ಎರಡು ದಿನ ಮಾವನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಕುಣಿಗಲ್ ಬಸ್ಸಿನ ಕಂಡಕ್ಟರು, ತುಪ್ಪವೆಂದುಕೊಂಡು ಜೋಪಾನವಾಗಿ ತಂದ ಪೊಟ್ಟಣವೊಂದನ್ನು ಕೊಟ್ಟುಹೋದ. ಒಳಗೆ ತುಂಬಿದ ಬಾಟಲಿ, ಮಾತ್ರೆಯ ಹೆಸರು ಬರೆದ ಚೀಟಿ! ಸಂಬಂಧ ಕುದುರಿತು.

ಇಷ್ಟೆಲ್ಲ ನಗುವ ನಾನು ಒಂದು ವಿಷಯಕ್ಕೆ ಹೆದರುತ್ತಿದ್ದೆ. ಗುಬ್ಬಿಯಲ್ಲಿರುವ ನನ್ನ ಅಮ್ಮ, ಅಂದರೆ ಮಾವನ ಅಕ್ಕ, ಮನಸ್ಸಿನ ಕಾಯಿಲೆಗೆ ಬಹಳ ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಾಳೆ. ರಕ್ತದಲ್ಲಿ ಔಷಧಿ ಕಡಿಮೆಯಾದರೆ ಊಟ, ಮಾತು ಎರಡನ್ನೂ ಬಿಡುತ್ತಾಳೆ. ಹೆಚ್ಚಾದರೆ ಕೂತಲ್ಲೇ ತೂಕಡಿಸುತ್ತಾಳೆ. ಆಗಾಗ ರಕ್ತ ತೆಗೆದು ನೋಡಲೇಬೇಕು. ಅವಳಿಗೋ, ನರವೇ ಸಿಗುವುದಿಲ್ಲ. ನಾಲ್ಕೈದು ಕಡೆ ಚುಚ್ಚಿ ಚುಚ್ಚಿ ತೋಳೆಲ್ಲ ನೀಲಿ. ಕೊನೆಗೊಂದು ದಿನ, "ಸಾಕು ಬುಡು, ಸೂಜಿನೂ ಬ್ಯಾಡ ಮಾತ್ರೆನೂ ಬ್ಯಾಡ" ಎಂದು ಎರಡು ಕೈಗಳನ್ನೂ ಸೆರಗಿನೊಳಗೆ ಮುಚ್ಚಿಕೊಂಡಳು. ಊಟ ಮತ್ತೆ ಕಡಿಮೆಯಾಗತೊಡಗಿತು.

ಆ ಭಾನುವಾರ ಮಾವ ಗುಬ್ಬಿಗೆ ಬಂದ. ಬಾಟಲಿ ತಂದಿರಲಿಲ್ಲ. ಅಮ್ಮನ ಕಾಲ ಬಳಿ ಕೂತು, "ಅಕ್ಕಾ, ಡಾಕ್ಟ್ರು ಒಪ್ಪವ್ರೆ. ಇನ್ಮೇಲೆ ಬೆರಳ ತುದಿಯಿಂದ ಒಂದೇ ಹನಿ ಸಾಕು" ಎಂದ. ನೆಂಟರ ಬಾಟಲಿಗಳೆಲ್ಲ ಈ ಒಂದು ಹನಿಗಾಗಿ ನಡೆದ ತಾಲೀಮು ಎಂದು ನನಗೆ ತಿಳಿದದ್ದು ಆಗಲೇ. ಬೀಗರನ್ನು ನೆನೆದು ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಅಮ್ಮ ಸೆರಗಿನೊಳಗಿಂದ ಮೆಲ್ಲಗೆ ಒಂದು ಕೈ ಹೊರಗೆ ತೆಗೆದಳು. ಮಾವ ಚುಚ್ಚಿದ, ಹನಿ ಬಂತು.

"ಇಷ್ಟೇಯೇನ್ಲಾ?" ಎಂದು ಅಮ್ಮ ಕಣ್ಣರಳಿಸಿದಳು. ಆಮೇಲೆ ಇನ್ನೊಂದು ಕೈಯನ್ನೂ ಚಾಚಿದಳು. "ಸಾಲ್ದಿದ್ರೆ ಇದ್ರಲ್ಲೂ ತಗೊಳ್ಳೋ."

ಯಾರು ಎಷ್ಟು ತುಂಬಿಸಿಕೊಟ್ಟರೂ ಸಾಲದು ಎನ್ನುತ್ತಿದ್ದ ಮಾವ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡು, "ಸಾಕು ಕಣಕ್ಕಾ" ಎಂದ.