ಅವ್ವನ ಬೆನ್ನಿಗೆ ಸಿಮೆಂಟು ತುಂಬಿಸಿದವರಿಗೆ

ಕುಷಾಯಿಗೂಡದ ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘದ ಕಾರ್ಯದರ್ಶಿಗಳೂ, ಹೈದರಾಬಾದಿನಲ್ಲಿದ್ದೂ ಅಚ್ಚ ಕನ್ನಡದಲ್ಲಿ ಗದರಿಸಬಲ್ಲ ಅಪರೂಪದ ಮಹನೀಯರೂ ಆದ ಪದ್ಮನಾಭರಾಯರಿಗೆ, ಸನತ್‌ನಗರದ ತಗಡಿನ ಶೆಡ್ಡಿನಲ್ಲಿ ಮರ ಕೆತ್ತಿ ಬದುಕುವ ಹುಲಗೇಶ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಕಾರು ನಿಲ್ಲಿಸಲು ಜಾಗ ಸಾಲದೆಂದು ಅಂಗಳದ ದೊಡ್ಡ ಬೇವಿನ ಮರವನ್ನು ಕಡಿಸಿದ ತಾವು, ಒಂದೇ ವಾರದಲ್ಲಿ ಕಲಾಪೋಷಕರಾಗಿ, ಅದೇ ಮರದ ಬೊಡ್ಡೆಯಲ್ಲಿ ‘ಶ್ರಮದ ಘನತೆ’ ಎಂಬ ಎರಡಾಳೆತ್ತರದ ಮೂರ್ತಿಯನ್ನು ಕೆತ್ತಿಕೊಡಲು ನನಗೆ ಅಪ್ಪಣೆ ಕೊಟ್ಟಿರಿ. ಮರಕ್ಕೂ ಇಂಥ ಸದ್ಗತಿ ಸಿಗುವುದು ಅಪರೂಪ. ನಾನು ನಮ್ಮ ಅವ್ವ ಗುಂಡಮ್ಮನನ್ನು ಎದುರಿಗೆ ನಿಲ್ಲಿಸಿಕೊಂಡು ಕೆತ್ತಿದೆ. ಘನತೆಯ ಮುಖ ಯಾರದ್ದೆಂದು ತಾವು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹಸಿ ಮರ ಉಳಿಯ ಮಾತು ಕೇಳುತ್ತದೆ, ಆದರೆ ಒಣಗುತ್ತಾ ಒಣಗುತ್ತಾ ಕುಗ್ಗುತ್ತದೆ. ಬೆನ್ನ ಕಡೆಯಿಂದ ತಿರುಳನ್ನು ತೋಡಿ ಟೊಳ್ಳು ಬಿಟ್ಟರೆ ಕುಗ್ಗಲು ಎಡೆ ಸಿಕ್ಕಿ, ಮೂರ್ತಿ ಸೀಳದೆ ಉಳಿಯುತ್ತದೆ. ಇದನ್ನು ನನ್ನ ಶೆಡ್ಡಿನಲ್ಲಿ ಚಹಾ ಕುಡಿಯುತ್ತಾ ತಮಗೆ ವಿವರಿಸಿದ್ದೆ, ತಾವು ತಲೆದೂಗಿದ್ದಿರಿ. ತಾವು ತಲೆದೂಗಿದ್ದು ಕಿವಿಯಲ್ಲಿದ್ದ ಫೋನಿಗೆಂದು ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ.

ಮೂರ್ತಿ ತಮ್ಮ ಲಾಬಿಯಲ್ಲಿ ನಿಂತ ಮೇಲೆ ಸಂಘದ ಖಜಾಂಚಿ ಚಂದ್ರಹಾಸರು ಅದರ ಹಿಂದೆ ಇಣುಕಿ, ಒಳಗೆ ಟೊಳ್ಳಿರುವುದನ್ನು ಕಂಡು, ದೊಡ್ಡ ಮೋಸವೊಂದನ್ನು ಪತ್ತೆ ಹಚ್ಚಿದ ಸಂಭ್ರಮದಲ್ಲಿ ತಮ್ಮನ್ನು ಕರೆದರಂತೆ. ಬೇರೆಯವರಾಗಿದ್ದರೆ ನನ್ನನ್ನು ಕರೆಸಿ ಬೈದು ಸುಮ್ಮನಾಗುತ್ತಿದ್ದರು. ತಾವು ದೊಡ್ಡ ಮನಸ್ಸು ಮಾಡಿ, ಪಾರ್ಕಿಂಗಿನ ನೆಲಕ್ಕೆ ಹಾಕಿ ಮಿಕ್ಕ ಸಿಮೆಂಟನ್ನು ಕಲಸಿಸಿ, ಆ ಟೊಳ್ಳನ್ನು ಕಂಠಮಟ್ಟ ತುಂಬಿಸಿದಿರಿ. ಮರ ಅದರ ಪಾಡಿಗೆ ಕುಗ್ಗುತ್ತಲೇ ಇದೆ. ಸಿಮೆಂಟು ತಮ್ಮ ಹಾಗೆಯೇ ಒಂದಿಷ್ಟೂ ಹಿಂದೆ ಸರಿಯುವ ಜಾತಿಯಲ್ಲ. ಹೊಟ್ಟೆಯಲ್ಲಿ ಶುರುವಾದ ಬಿರುಕು ಗದ್ದ ಮುಟ್ಟಿರುವುದನ್ನು, ‘ಕಳಪೆ ಮಾಲು’ ಎಂಬ ನೋಟೀಸಿನ ಜೊತೆ ತಾವೇ ಕಳಿಸಿದ ಫೋಟೋದಲ್ಲಿ ನೋಡಿದೆ. ಓಡೋಡಿ ಬಂದರೆ ಗೇಟಿನಲ್ಲಿ ನನಗೆ ಪ್ರವೇಶವಿಲ್ಲವೆಂದರು.

ಆ ಫೋಟೋವನ್ನು ಅವ್ವನೂ ನೋಡಿದಳು. ಲಿಂಗಸುಗೂರು ಕಡೆಯಿಂದ ದುಡಿಯಲು ಬಂದು, ತಮ್ಮ ಇದೇ ಕಟ್ಟಡ ಏಳುವಾಗ ತಳದಿಂದ ತುದಿಯವರೆಗೆ ಸಿಮೆಂಟಿನ ಬುಟ್ಟಿ ಹೊತ್ತವಳು ಅವಳು. “ತಲಿ ಮ್ಯಾಲ ಹೊತ್ತಿದ್ದು ಸಾಲಲಿಲ್ಲಂತ ಹೊಟ್ಟ್ಯಾಗೂ ತುಂಬ್ಯಾರೇನೋ ಯಪ್ಪಾ?” ಎಂದು ನಕ್ಕಳು. ನಗುತ್ತಲೇ ತನ್ನ ಗದ್ದವನ್ನು ಒಮ್ಮೆ ಸವರಿಕೊಂಡಳು. ನನಗೆ ನಗು ಬರಲಿಲ್ಲ ರಾಯರೇ, ಈ ಪತ್ರ ಬರೆಯಲು ಕುಳಿತೆ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಸರ್ವಸದಸ್ಯರ ಸಭೆ ಕರೆದು, ಬಿರುಕು ಗದ್ದದಿಂದ ಮೇಲೆ ಏರತಕ್ಕದ್ದಲ್ಲ ಎಂದು ಠರಾವು ಪಾಸು ಮಾಡಿಸಬೇಕು. ಅನುಮತಿಯಿಲ್ಲದೆ ಒಣಗುತ್ತಿರುವ ಬೇವಿಗೂ ಒಂದು ನೋಟೀಸು ಕೊಡಬೇಕು. ಅದಕ್ಕೂ ಅದು ಜಗ್ಗದಿದ್ದರೆ ಕಾರುಗಳನ್ನು ಅತ್ತ ಸರಿಸಿ, ಮರವನ್ನು ಮೊದಲಿನಂತೆ ಅಂಗಳದಲ್ಲಿ ಚಿಗುರಿಸಿ ನಿಲ್ಲಿಸಬೇಕು. ಇದರಲ್ಲಿ ಯಾವುದೂ ತಮ್ಮಿಂದಾಗದಿದ್ದರೆ, ಉಳಿ ಸುತ್ತಿಗೆಯೊಂದಿಗೆ ನನ್ನನ್ನು ಒಳಗೆ ಬಿಡಿ. ಸಿಮೆಂಟನ್ನೆಲ್ಲ ಒಡೆದು ತೆಗೆಯುತ್ತೇನೆ. ಮೈ ಸೀಳಿದ್ದು ಸೀಳಿತು, ಅವ್ವನ ಮುಖವೊಂದು ಉಳಿಯಲಿ.

ಇತಿ, ಗೇಟಿನ ಹೊರಗಿನಿಂದ,
ತಮ್ಮ ವಿಶ್ವಾಸಿ
ಹುಲಗೇಶ

ತಾ.ಕ.: ಈ ಭಾನುವಾರ ಅವ್ವನೂ ನನ್ನೊಡನೆ ಬರುತ್ತಾಳೆ, ಬೇಡವೆಂದರೆ ಕೇಳುವವಳಲ್ಲ. ಯಾವ ಫ್ಲ್ಯಾಟಿಗೆ ಬಂದಿರಿ ಎಂದು ಕಾವಲುಗಾರ ಕೇಳಿದರೆ, ಎಲ್ಲಾ ಫ್ಲ್ಯಾಟಿಗೂ ಎಂದುಬಿಡುತ್ತಾಳೆ. ಅದನ್ನು ಉದ್ಧಟತನವೆನ್ನುವ ಮೊದಲು ತಾವೊಮ್ಮೆ ತಮ್ಮ ಮನೆಯ ಗೋಡೆಯನ್ನು ಮುಟ್ಟಿ ನೋಡಿಕೊಳ್ಳಬೇಕಾಗಿ ಪ್ರಾರ್ಥನೆ.